ಸೀಟು ಉಳಿದರೆ

ಅಪ್ಪಾ,

ಇವತ್ತು ಮಧ್ಯಾಹ್ನ ನನ್ನ ಪಕ್ಕದ ಮೇಜಿನ ಗೌರೀಶನ ತಾಯಿಯನ್ನು ದೆಹಲಿ ವಿಮಾನದಿಂದ ಇಳಿಸಿದೆ. ಯಾವ ವಿಮಾನಕ್ಕೆ ಎಷ್ಟು ಇಂಧನ, ಎಷ್ಟು ತೂಕ ಎಂದು ಬರೆಯುವವಳು ನಾನಲ್ಲವೇ? ಅಲ್ಲಿ ಧೂಳುಗಾಳಿ ಎದ್ದಿತ್ತು. ವಿಮಾನ ಮೇಲೆಯೇ ಸುತ್ತುತ್ತ ಕಾಯಬೇಕಾದೀತೆಂದು ಹೆಚ್ಚು ಇಂಧನ ಬರೆದೆ, ತೂಕ ಮೀರಿತು. ಆಗ ಮೊದಲು ಇಳಿಯಬೇಕಾದವರು ನಮ್ಮ ಪುಕ್ಕಟೆ ಟಿಕೆಟ್ಟಿನ ಮೇಲೆ ಹೋಗುವ ಮನೆಯವರು. ಪಾಳಿಯಲ್ಲಿ ನೀರು ಕುಡಿಯಲೂ ಏಳದ ನಮಗೆ ಕಂಪನಿ ಕೊಡುವ ಒಂದೇ ಸುಖ ಅದು: ಸೀಟು ಉಳಿದರೆ ಹೆತ್ತವರು ಹಾರಬಹುದು.

ನೀನೂ ಒಮ್ಮೆ ಅದೇ ಟಿಕೆಟ್ಟಿನ ಮೇಲೆ ಕಾಶಿಗೆಂದು ಬಂದಿದ್ದೆ. ಕಂಪನಿಯ ನಿಯಮದಂತೆ ಪಂಚೆ ಬಿಟ್ಟು ಪ್ಯಾಂಟು ತೊಟ್ಟು, ಮಧುಗಿರಿಯಲ್ಲಿ ಕೊಂಡ ಬೂಟು ಕಚ್ಚುತ್ತಿದ್ದರೂ ಬಿಚ್ಚದೆ. ಅದೇ ಮಧುಗಿರಿ ಬಸ್ ನಿಲ್ದಾಣದಲ್ಲಿ, ನಾನು ಈ ಕೆಲಸದ ತರಬೇತಿಗೆ ಹೊರಟ ದಿನ, ನೀನು ನನ್ನ ಜಡೆ ಹಿಡಿದು ಬಸ್ಸಿನಿಂದ ಇಳಿಸಿದ್ದೆ.

"ಕುರಿ ಕಾಯೋರ ಮನೇಲಿ ಹುಟ್ಟಿ ಏರೋಪ್ಲೇನ್ ಕಾಯ್ತೀಯೇನೇ? ಇಳಿಯೇ ಕೆಳಕ್ಕೆ!"

ಬಸ್ಸಿನವರೆಲ್ಲ ನಕ್ಕರು. ನಿನಗೆ ತಿಳಿಯದಂತೆ ಮಾರನೆಯ ದಿನ ಕೊರಟಗೆರೆಯಿಂದ ಬಸ್ಸು ಹತ್ತಿದೆ.

ಕಾಶಿಗೆ ಹೊರಟ ದಿನ ನಿನ್ನನ್ನು ವಿಮಾನದ ಗೇಟಿನಿಂದಲೇ ವಾಪಸು ಕಳಿಸಿದರು. ಊರಲ್ಲಿ ಕೇಳಿದವರಿಗೆ ನೀನು ಹೇಳಿದ್ದನ್ನು ಅಮ್ಮ ನನಗೆ ಹೇಳಿದಳು: "ಕಾಶೀಲಿ ಮಳೆಯಂತೆ ಕಣ್ಲಾ, ಅದ್ಕೇ ತೂಕ ಜಾಸ್ತಿ ಆಗ್ಬುಡ್ತಂತೆ. ಪಾಪ, ಮಗ್ಳೇನು ಮಾಡ್ತಾಳೆ?" ಮುಂದಿನ ತಿಂಗಳು ನೀನೇ ಇರಲಿಲ್ಲ.

ಗೌರೀಶನ ತಾಯಿ ನಾಳೆ ಹೋಗುತ್ತಾರೆ. ಅಂದು ಮರಳಿ ನೀನು ಬಿಚ್ಚಿಟ್ಟ ಬೂಟು ಇನ್ನೂ ಡಬ್ಬಿಯಲ್ಲೇ ಇದೆ.

ಆ ದಿನ ಕಾಶಿಯಲ್ಲಿ ಒಂದು ಮೋಡವೂ ಇರಲಿಲ್ಲ ಅಪ್ಪಾ. ಪ್ರಯಾಣಿಕರ ಪಟ್ಟಿಯಲ್ಲಿ ನಿನ್ನ ಹೆಸರು ಓದಿಯೇ ಹೆಚ್ಚಿನ ಇಂಧನ ಬರೆದೆ.