ಗಿಡಿಯನ್ನನ ಕತ್ತಿನ ಅಂಚು

ಡಿಸೆಂಬರ್ ೯, ೧೮೫೭

ಬೆಳಿಗ್ಗೆ ನದಿಯಾಚೆ ಕೆಂಟಕಿಯಲ್ಲಿ ಗಿಡಿಯನ್ನನನ್ನು ಗಲ್ಲಿಗೇರಿಸಿದರು, ವಿಚಾರಣೆಯೂ ಇಲ್ಲದೆ. ಹನ್ನೊಂದು ವರ್ಷ ಬಂದೂಕು ಹಿಡಿದು ಗುಲಾಮರನ್ನು ಗುಲಾಮಗಿರಿಯಿಲ್ಲದ ನಮ್ಮ ದಡಕ್ಕೆ ದಾಟಿಸಿದವನು. ಎಂಟು ದಿನದ ಹಿಂದೆ, ಕೊನೆಯ ಸಲ ದೋಣಿ ಹತ್ತುವ ಮುಂಚೆ, ನನ್ನ ಅಂಗಡಿಯಲ್ಲೇ ಕ್ಷೌರ ಮಾಡಿಸಿಕೊಂಡಿದ್ದ. ಅದೇ ಈಗ ನನ್ನ ಕೊರಳಿಗೆ ಸುತ್ತಿಕೊಳ್ಳುತ್ತಿದೆ.

ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಹಾಸ್ಕಿನ್ಸ್ ಮಧ್ಯಾಹ್ನ ಬಂದು ಕುರ್ಚಿಯಲ್ಲಿ ಕೂತ.

"ಏನೋ ಸೈಲಸ್, ಸತ್ತವನ ಕತ್ತಿನ ಹಿಂದೆ ಕೂದಲಂಚು ಬಿಲ್ಲಿನ ಹಾಗೆ ಬಾಗಿತ್ತು ಕಣೋ. ಯಾರ ಕೈಕೆಲಸ ಅದು?"

ಈ ಊರಲ್ಲಿ ಹಾಗೆ ತೆಗೆಯುವವನು ನಾನೊಬ್ಬನೇ. ಸಾಯಲು ಹೊರಟವನನ್ನೂ ಅಚ್ಚುಕಟ್ಟು ಮಾಡಿ ಕಳಿಸಿದೆನಲ್ಲ, ನನ್ನ ಜಂಬಕ್ಕೆ ಬೆಂಕಿ ಬೀಳಲಿ.

"ಈಗ ಎಲ್ರೂ ಅದನ್ನೇ ಕೇಳ್ತಾರೆ ದಣಿ, ಸಿನ್ಸಿನಾಟಿ ಫ್ಯಾಷನ್ನು. ನಿಮಗೂ ತೆಗೀಲಾ?"

"ತೆಗಿ ಮತ್ತೆ. ನನ್ನ ಕತ್ತೇನು ಅವನದಕ್ಕಿಂತ ಕಮ್ಮಿನಾ?"

ತೆಗೆದೆ. ಗಿಡಿಯನ್ನನ ಅಂಚನ್ನೇ ಹೊತ್ತುಕೊಂಡು ಹೋದ. ನಾಳೆಯಿಂದ ಬರುವವರಿಗೆಲ್ಲ ಅದನ್ನೇ ತೆಗೆಯಬೇಕು, ನಾನು ಹೇಳಿದ ಫ್ಯಾಷನ್ನಿನ ಸುಳ್ಳು ನಿಜವಾಗುವ ಹಾಗೆ. ಅಷ್ಟು ದಿನ ಹಾಸ್ಕಿನ್ಸ್ ನನ್ನನ್ನು ಬಿಡುತ್ತಾನೆಯೇ?

ಕರಿಯನಾದ ನಾನು ಗುಲಾಮನಲ್ಲ ಎಂದು ಸಾರುವ ಕಾಗದ ಪೆಟ್ಟಿಗೆಯಲ್ಲಿದೆಯೇ ಎಂದು ಮೂರು ಸಲ ನೋಡಿದೆ. ಇದೆ. ಇನ್ನೊಂದು ಸಲ ನೋಡಿ ಮಲಗುತ್ತೇನೆ.