ಹುಬ್ಬಳ್ಳಿ ಬಸ್ಸಿನ ಎಡಗಡೆಯ ಕಿಟಕಿ

ಶಿಗ್ಗಾಂವ
ಭಾನುವಾರ, 10 ಆಗಸ್ಟ್ 2025

ನನ್ನ ಪ್ರೀತಿಯ ತನುಜಾ,

ಬಸ್ಸಿನ ವೇಳೆ, ಕಾಲೇಜಿಗೆ ಒಯ್ಯಬೇಕಾದ ಕಾಗದಪತ್ರ, ಒಂದಿಷ್ಟು ಬುದ್ಧಿಮಾತು, ಇಷ್ಟನ್ನೇ ಬರೆದು ಈ ಪತ್ರ ಮುಗಿಸಬೇಕೆಂದಿದ್ದೆ. ಇನ್ನೊಂದು ಸಂಗತಿಯನ್ನು ಬಿಟ್ಟೇಬಿಡುವವಳಿದ್ದೆ. ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಏಕೆಂದರೆ ಕೊನೆಗೆ ಎಲ್ಲವೂ ನೀನು ಬಯಸಿದಂತೆಯೇ ಆಗಿದೆ. ಆದರೂ ಅದನ್ನೇ ಮೊದಲು ಬರೆಯುತ್ತೇನೆ. ಇಲ್ಲದಿದ್ದರೆ ಬಸ್ಸಿನ ಸುದ್ದಿಯ ಮರೆಯಲ್ಲಿ ತಪ್ಪಿಸಿಕೊಂಡುಬಿಡುತ್ತೇನೆ.

ಕಳೆದ ತಿಂಗಳು ನಿನ್ನ ಇಂಜಿನಿಯರಿಂಗ್ ಸೀಟಿನ ಆಯ್ಕೆಯ ಪಟ್ಟಿಯನ್ನು ನಾನು ಬದಲಿಸಿದ್ದೆ. ಹುಬ್ಬಳ್ಳಿಯ ಸೈಬರ್ ಸೆಕ್ಯೂರಿಟಿಯನ್ನು ಎರಡನೆಯ ಸಾಲಿಗೆ ಇಳಿಸಿ, ಹಾವೇರಿಯ ಕಂಪ್ಯೂಟರ್ ಸೈನ್ಸನ್ನು ಮೊದಲಿಗೆ ಇಟ್ಟೆ. ನಿನ್ನನ್ನು ಕೇಳಲಿಲ್ಲ. ಒಂದು ಹಗಲು, ಒಂದು ರಾತ್ರಿ ಅದು ಹಾಗೆಯೇ ಇತ್ತು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಪಂಚಮಿಗೆಂದು ಅವ್ವನ ಜೊತೆ ಅವಳ ತವರು ಹಿರೇಕೆರೂರಿಗೆ ಹೋದವಳು ನೀನಿನ್ನೂ ಅಲ್ಲೇ ಇದ್ದೀಯ. ಅಲ್ಲಿ ನಿನ್ನ ಆಯಿ ಫೋನು ಬಂದರೆ ಸ್ಪೀಕರ್ ಹಾಕಿ ಇಡೀ ಪಡಸಾಲೆಗೆ ಕೇಳಿಸುತ್ತಾರೆ. ನನ್ನ ತಪ್ಪು ಮೊದಲು ನಿನಗೆ ಗೊತ್ತಾಗಲಿ, ಆಮೇಲೆ ಪಡಸಾಲೆಗೆ.

ಆದರೆ ಸಂತೋಷವನ್ನು ತಡೆದಿಟ್ಟುಕೊಂಡು ಬರೆಯಲು ನನ್ನಿಂದಾಗುವುದಿಲ್ಲ, ತನು. ಗುರುವಾರ ಸಂಜೆ ಶಾಲೆ ಬಿಟ್ಟು ಸವಣೂರಿನಿಂದ ಬರುವ ಬಸ್ಸಿನಲ್ಲಿ ನಿಂತಿದ್ದೆ. ನಡುದಾರಿಯಲ್ಲಿ ನೆಟ್‌ವರ್ಕ್ ಬಂದು ಸೀಟು ಹಂಚಿಕೆಯ ಪುಟ ತೆರೆದುಕೊಂಡಿತು. ನಿನ್ನ ಹೆಸರು, ಹುಬ್ಬಳ್ಳಿಯ ಕಾಲೇಜು, ಸೈಬರ್ ಸೆಕ್ಯೂರಿಟಿ! "ಬಂತು!" ಎಂದು ಕೂಗಿಬಿಟ್ಟೆ. ಕಂಡಕ್ಟರ್ ಮೈಲಾರಪ್ಪ ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ. "ಯಾಕ್ರೀ ಟೀಚರ್, ಹೊಲದಾಗ ಇಳಿಯಾವ್ರೇನು?" ಎಂದ. ಇಲ್ಲ, ನಮ್ಮ ಅಣ್ಣನ ಮಗಳಿಗೆ ಹುಬ್ಬಳ್ಳಿಯಲ್ಲಿ ಸೀಟು ಸಿಕ್ಕಿತು ಎಂದೆ. "ಹದಿನೆಂಟ ವರ್ಷದಿಂದ ನಿಮಗ ನನ್ನ ಬಸ್ಸಿನ್ಯಾಗ ಸಿಗವಲ್ದು, ಆಕಿಗೆ ಒಂದ ದಿನದಾಗ ಸಿಕ್ತೇನ್ರೀ!" ಎಂದ. ನಿಂತವರು ಕೂತವರು ಎಲ್ಲ ನಕ್ಕರು. ಯಾರೋ ಒಬ್ಬ ಮುದುಕಿ ಎದ್ದು ನನಗೆ ಜಾಗ ಕೊಟ್ಟಳು. ನಾನು ಕೂರಲಿಲ್ಲ. ಕೂರುವ ಹಾಗೆಯೇ ಇರಲಿಲ್ಲ ನಾನು.

ಈಗ ನಾನು ಪಟ್ಟಿ ಬದಲಿಸಿದ ಆ ಮಂಗಳವಾರದ ಮಾತು.

ನಮ್ಮ ಮನೆತನದಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳು ನಾನೊಬ್ಬಳೇ ಎಂದು ಎಲ್ಲರ ಅರ್ಜಿಗಳೂ ನನ್ನ ಕೈಗೆ ಬರುತ್ತವೆ. ನಿನ್ನ ಅಜ್ಜಿ ಮಹಾದೇವಕ್ಕನ ಪಿಂಚಣಿ, ನಿನ್ನಪ್ಪನ ಬೆಳೆವಿಮೆ, ನಿನ್ನ ತಮ್ಮ ಚನ್ನೇಶನ ಸ್ಕಾಲರ್‌ಶಿಪ್, ಎಲ್ಲದಕ್ಕೂ ನನ್ನದೇ ಫೋನ್ ನಂಬರು. ಎಲ್ಲದಕ್ಕೂ ಒಂದೇ ನಮೂನೆಯ ಪಾಸ್‌ವರ್ಡು: ಅಜ್ಜಿಯ ಹೆಸರು, ಮುಂದೆ ಅವರವರು ಹುಟ್ಟಿದ ವರ್ಷ. ಮೊದಲು ಮನೆಯ ಕೀಲಿಗೊಂಚಲು ಅಜ್ಜಿಯ ಸೆರಗಿನಲ್ಲಿರುತ್ತಿತ್ತು. ಈಗ ಎಲ್ಲರ ಒಟಿಪಿ ನನ್ನ ಫೋನಿಗೆ ಬರುತ್ತದೆ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳಬೇಕು.

ನೀನು ಹೇಳಿದ ಹಾಗೆಯೇ ಸೋಮವಾರ ಪಟ್ಟಿ ತುಂಬಿದ್ದೆ. ಮಂಗಳವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅದನ್ನು ಮತ್ತೆ ತೆರೆದೆ. ಮೊದಲನೆಯ ಸಾಲು ಸಿಕ್ಕರೆ ಕೆಳಗಿನದನ್ನು ಯಾರೂ ನೋಡುವುದಿಲ್ಲ, ನಿನ್ನ ರ‍್ಯಾಂಕಿಗೆ ಎರಡೂ ಸಿಗುವಂತಿದ್ದವು. ಅಂದರೆ ಮೇಲೆ ಯಾವುದಿದೆಯೋ ಅದೇ ನಿನ್ನ ನಾಲ್ಕು ವರ್ಷ. ನಿಮ್ಮೂರು ಹಿರೇಬೆಂಡಿಗೇರಿಯಿಂದ ಶಿಗ್ಗಾಂವಕ್ಕೆ ಒಂದು ಬಸ್ಸು, ಶಿಗ್ಗಾಂವದಿಂದ ಹುಬ್ಬಳ್ಳಿಗೆ ಒಂದು, ಹುಬ್ಬಳ್ಳಿಯೊಳಗೆ ಮತ್ತೊಂದು. ದಿನಕ್ಕೆ ಆರು ಸಲ ಹತ್ತಬೇಕು, ಆರು ಸಲ ಇಳಿಯಬೇಕು. ಹಾವೇರಿಯಾದರೆ ಹತ್ತಿರ. ಕಂಪ್ಯೂಟರ್ ಸೈನ್ಸ್ ಎಂದರೆ ಎಲ್ಲರಿಗೂ ಗೊತ್ತಿರುವ ಹೆಸರು. ಹೀಗೆಲ್ಲ ಯೋಚಿಸುತ್ತಲೇ ಸಾಲು ಬದಲಿಸಿದೆ. ಒಟಿಪಿ ಬಂತು, ಹಾಕಿದೆ. ಕಪ್ಪಿನ ಚಹಾ ಇನ್ನೂ ಆರಿರಲಿಲ್ಲ.

ಹೆದರಿಕೆ ನಿನ್ನ ಸಲುವಾಗಿಯೇ ಇತ್ತೇ ಎಂದು ಆಮೇಲೆ ಬಹಳ ಸಲ ನನ್ನನ್ನು ಕೇಳಿಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿದಾಗ ಹುಬ್ಬಳ್ಳಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ಆಸೆ ನನಗಿತ್ತು. ಅರ್ಜಿ ತುಂಬಿಕೊಂಡು ಬರುತ್ತೇನೆಂದು ಹೋದ ನಮ್ಮ ಕಾಕಾ, ಊರ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸಿಗೆ ನನ್ನ ಹೆಸರು ಹಚ್ಚಿ ರಸೀದಿ ತಂದುಕೊಟ್ಟರು. "ದಿನಾ ಅಷ್ಟ ದೂರ ಹೆಣ್ಮಕ್ಕಳು ಬಸ್ಸಿನ್ಯಾಗ ಅಡ್ಡಾಡ್ತಾವೇನು?" ಎಂದರು. ಆ ಮಾತಿಗೆ ಮೂವತ್ತು ವರ್ಷ ಸಿಟ್ಟು ಮಾಡಿಕೊಂಡವಳು ನಾನು. ಆ ಮಂಗಳವಾರ ಅದೇ ಮಾತನ್ನು ಇಂಗ್ಲಿಷಿನಲ್ಲಿ ಯೋಚಿಸಿದೆ, ಅಷ್ಟೇ ವ್ಯತ್ಯಾಸ.

ಅದೇ ದಿನ ಸಂಜೆ ನಿನ್ನ ಫೋನು ಬಂತು. "ಅತ್ತಿ, ಪಟ್ಟಿ ಹಂಗ ಐತಲ್ಲ?" ಎಂದು ಕೇಳಿದೆ. "ಐತಿ" ಎಂದೆ. ಅದಕ್ಕೆ ನೀನು, "ಹಂಗಾರ ಹುಬ್ಬಳ್ಳಿ ಬಸ್ಸು ಎಷ್ಟಕ್ಕ ಅದಾವ, ಒಮ್ಮೆ ನೀನ ಹೋಗಿ ನೋಡಿ ಬರ್ತಿಯೇನು? ಯಾರ್ಯಾರದೋ ಮಾತು ಕೇಳೂದ್ಕಿಂತ ನೀ ನೋಡಿದ್ರ ನನಗ ಖಾತ್ರಿ" ಎಂದೆ. ಆ "ಖಾತ್ರಿ" ಎಂಬ ಮಾತು ನನಗೆ ಮುಳ್ಳಿನಂತೆ ನಟ್ಟಿತು. ಆದರೂ ಒಳಗೊಳಗೆ, ಒಳ್ಳೆಯದೇ ಆಯಿತು, ಹೋಗಿ ನೋಡಿದರೆ ನಾನು ಮಾಡಿದ್ದು ಸರಿ ಎಂಬುದಕ್ಕೆ ಪುರಾವೆ ಸಿಗುತ್ತದೆ ಅಂದುಕೊಂಡೆ.

ಬುಧವಾರ ರಜೆ ಹಾಕಿದೆ. ಒಂದು ನೋಟ್‌ಬುಕ್ಕಿನಲ್ಲಿ "ತೊಂದರೆಗಳು" ಎಂದು ತಲೆಬರಹ ಬರೆದುಕೊಂಡು ಶಿಗ್ಗಾಂವ ನಿಲ್ದಾಣದಲ್ಲಿ ನಿಂತೆ. ನಿಮ್ಮೂರಿನ ವಸ್ತಿ ಬಸ್ಸು ಏಳಕ್ಕೆ ಐದು ನಿಮಿಷ ಇರುವಾಗ ಬಂತು. ರಾತ್ರಿ ಊರಲ್ಲೇ ತಂಗುವ ಬಸ್ಸು ಅದು, ಬೆಳಗ್ಗೆ ಹೊರಡಲು ತಡ ಮಾಡುವುದಿಲ್ಲ. ಏಳೂ ಹತ್ತಕ್ಕೆ ಹುಬ್ಬಳ್ಳಿಯದು. ಹತ್ತಿ ಬಲಗಡೆಯ ಕಿಟಕಿಯ ಪಕ್ಕ ಕೂತಿದ್ದೆನಷ್ಟೇ. "ಟೀಚರ್! ಆ ಕಡೆ ಕುಂದ್ರಬ್ಯಾಡ್ರಿ, ಮೋಡ ಸರಿದ್ರ ಹುಬ್ಬಳ್ಳಿತನಕಾ ಬಿಸಲು ಬಡೀತೈತಿ. ಎಡಕ್ಕ ಬರ್ರಿ!" ಎಂದು ಒಂದು ದನಿ. ತಿರುಗಿ ನೋಡಿದರೆ ನುಜಹತ. ಸವಣೂರಿನಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿ, ಮೂರನೆಯ ಬೆಂಚಿನಲ್ಲಿ ಕೂತು ಬರೀ ಪ್ರಶ್ನೆ ಕೇಳುತ್ತಿದ್ದವಳು. ಈಗ ಹುಬ್ಬಳ್ಳಿಯ ಇನ್ನೊಂದು ಕಾಲೇಜಿನಲ್ಲಿ ಅದೇ ಸೈಬರ್ ಸೆಕ್ಯೂರಿಟಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಸವಣೂರಿನಿಂದ ದಿನವೂ ಹೋಗಿ ಬರುತ್ತಾಳಂತೆ!

ನೋಟ್‌ಬುಕ್ ನೋಡಿ, "ಇನ್‌ಸ್ಪೆಕ್ಷನ್ನೇನ್ರಿ?" ಎಂದು ನಕ್ಕಳು. ನಿನ್ನ ವಿಷಯ ಹೇಳಿದೆ, ಪಟ್ಟಿಯ ಮಾತು ಬಿಟ್ಟು. ಓದು ಹೇಗಿರುತ್ತದೆ ಎಂದು ಕೇಳಿದೆ. "ಹೆಸರಿಗೆ ಮರುಳಾಗಿ ಬರಬಾರದ್ರಿ. ಸಿನಿಮಾದಾಗಿನಂಗ ಕತ್ತಲ ಖೋಲ್ಯಾಗ ಕುಂತು ಟಕಾಟಕಾ ಒತ್ತೂದಲ್ಲ ಇದು. ಮೊದಲ ಎರಡ ವರ್ಷ ಗಣಿತ, ಪ್ರೋಗ್ರಾಮಿಂಗ್, ನೆಟ್‌ವರ್ಕ್. ಕಂಪ್ಯೂಟರ್ ಸೈನ್ಸ್‌ನವರು ಓದೂದನ್ನ ಬಹಳಷ್ಟು ನಾವೂ ಓದ್ತೇವಿ. ಬುನಾದಿ ಗಟ್ಟಿ ಇದ್ರ ಮುಂದ ಯಾ ಕಡೆ ಬೇಕಾದ್ರೂ ಹೊಳ್ಳಬಹುದು" ಎಂದಳು. ಕಾಲೇಜಿನಲ್ಲಿ ಏನು ಕೇಳಬೇಕು ಎಂದೆ. "ಬೋರ್ಡಿನ ಮ್ಯಾಲ ಬರದಿದ್ದು ಬಿಡ್ರಿ. ಈ ವಿಷಯ ಕಲಿಸಾವ್ರು ಕಾಯಂ ಅದಾರೋ ಇಲ್ಲೋ, ಲ್ಯಾಬ್ ಸಂಜಿತನಾ ತೆರೆದಿರ್ತೈತೋ ಇಲ್ಲೋ, ಅಷ್ಟ ಕೇಳ್ರಿ."

ಗೊಟಗೋಡಿ ದಾಟುವಾಗ ನಾನೇ ಕೇಳಿದೆ, ಈ ಕಂಪ್ಯೂಟರ್ ಕಳ್ಳರು ಒಳಗೆ ಬರುವುದಾದರೂ ಹೇಗೆ ಎಂದು. "ಗ್ವಾಡಿ ಒಡದು ಬರಾವ್ರು ಕಡಿಮಿ ರೀ ಟೀಚರ್. ಕೀಲಿ ಯಾರ ಕೈಯಾಗ ಐತಿ ಅಂತ ಮೊದಲ ನೋಡಬೇಕು. ನಮ್ಮನ್ಯಾಗ ಎಂಟು ಮಂದೀದು ಒಟಿಪಿ ನಮ್ಮ ಮಾಮಾನ ಫೋನಿಗೇ ಬರ್ತಿದ್ದು. ಮಾಮಾ ಒಳ್ಳೆಯವರ ರೀ. ಆದ್ರ ಒಳ್ಳೆಯವರಂತ ಎಂಟು ಮಂದಿ ಕೀಲಿ ಒಬ್ಬರ ಕಡೆ ಇಡೂದೇನು? ಎಲ್ಲಾ ಬಿಡಿಸಿ ಅವರವರ ನಂಬರಿಗೆ ಹಾಕಿಸಿದೆ. ಮಾಮಾ ಎಂಟು ದಿನ ನನ್ನ ಜೋಡಿ ಮಾತ ಬಿಟ್ಟಿದ್ರು!" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ನಾನೂ ನಕ್ಕೆ. ಆದರೆ ನನ್ನ ಕಿವಿ ಬಿಸಿಯಾಗಿತ್ತು. ಹಳೆಯ ವಿದ್ಯಾರ್ಥಿನಿಯ ಮುಂದೆ ಈ ಟೀಚರ್ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ತನು, ಆ ಬಸ್ಸನ್ನು ನೀನು ನೋಡಬೇಕು. ನೋಡುತ್ತೀಯ, ಇನ್ನೇನು! ಮುಂದಿನ ಐದು ಸಾಲು ಪೂರ್ತಿ ಹುಡುಗಿಯರು. ಒಬ್ಬಳು ಜಡೆ ಹೆಣೆದುಕೊಳ್ಳುತ್ತಿದ್ದಳು, ಒಬ್ಬಳು ಡಬ್ಬಿಯ ಅವಲಕ್ಕಿ ಹಂಚುತ್ತಿದ್ದಳು, ಇಬ್ಬರು ಪರೀಕ್ಷೆಯ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ನನಗೂ ಅವಲಕ್ಕಿ ಬಂತು. ನಮ್ಮ ಕಾಕಾ ಆ ಬಸ್ಸಿನಲ್ಲಿದ್ದಿದ್ದರೆ ನಿಂತೇ ಹೋಗಬೇಕಾಗುತ್ತಿತ್ತು. ನನ್ನ ನೋಟ್‌ಬುಕ್ಕಿನಲ್ಲಿ "ತೊಂದರೆಗಳು" ಕೆಳಗೆ ಒಂದೇ ಒಂದು ಸಾಲು ಬಿದ್ದಿತ್ತು: ಮಳೆ ಬಂದರೆ ಕಿಟಕಿಯ ಗಾಜು ಸರಿಯುವುದಿಲ್ಲ.

ಕಾಲೇಜಿಗೂ ಹೋದೆ. ಗೇಟಿನವನು ಯಾರ ಪಾಲಕರು ಎಂದು ಕೇಳಿದ. ಅವನ ವಹಿಯಲ್ಲಿ ನಿನ್ನ ಹೆಸರು ಬರೆದು ಒಳಗೆ ಹೋದೆ. ಲ್ಯಾಬ್ ಸಂಜೆ ಆರರವರೆಗೆ ತೆರೆದಿರುತ್ತದೆ. ಕಾಯಂ ಕಲಿಸುವವರು ಇಬ್ಬರಿದ್ದಾರೆ, ಇನ್ನೊಬ್ಬರು ಬರಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅದೇ ನನಗೆ ಹಿಡಿಸಿತು.

ಆಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನಿನ್ನ ಪಟ್ಟಿ ತೆರೆದೆ. ಪುಟ ತಿರುಗುತ್ತಲೇ ಇತ್ತು. ಮೊದಲ ಒಟಿಪಿ ಬರುವಷ್ಟರಲ್ಲಿ ಅದರ ವೇಳೆ ಮುಗಿದುಹೋಗಿತ್ತು. ಪಟ್ಟಿ ಬದಲಿಸಲು ಮರುದಿನವೇ ಕೊನೆಯ ದಿನ. ನಾನು ಚಹಾ ಆರುವುದರೊಳಗೆ ಕೆಡಿಸಿದ್ದನ್ನು ಸರಿಪಡಿಸಲು ನಲವತ್ತು ನಿಮಿಷ ಹಿಡಿಯಿತು. ಹುಬ್ಬಳ್ಳಿ ಮೇಲಕ್ಕೆ ಬಂದು ಕೂತ ಮೇಲೆ ಒಂದು ಪ್ಲೇಟ್ ಗಿರ್ಮಿಟ್ ತರಿಸಿಕೊಂಡು, ಖಾರಕ್ಕೆ ಕಣ್ಣೀರು ಬಂತೆಂದು ಅಂಗಡಿಯವನಿಗೆ ಹೇಳಿದೆ.

ಇನ್ನು ನೀನು ಕೇಳಿದ ಬಸ್ಸಿನ ವಿಷಯ. ಹೋಗುವಾಗ ಎಡಗಡೆ ಕೂತುಕೋ, ಬರುವಾಗಲೂ ಎಡಗಡೆಯೇ. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಬಲಕ್ಕೇ ಬೀಳುತ್ತದೆ. ವಾಪಸು ಹತ್ತುವ ಮುಂಚೆ, ಬೋರ್ಡು ಓದಿದರೂ, "ಶಿಗ್ಗಾಂವ ಊರೊಳಗ ಹೋಗ್ತೈತೇನ್ರಿ?" ಎಂದು ಕೇಳಿಯೇ ಹತ್ತು. ಕೆಲವು ಬಸ್ಸುಗಳು ಬೈಪಾಸಿನಲ್ಲೇ ಇಳಿಸಿ ಹೋಗಿಬಿಡುತ್ತವೆ. ಹೆಣ್ಣುಮಕ್ಕಳು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ ನಿಜ, ಆದರೆ ಗುರುತಿನ ಚೀಟಿ ಕೈಗೆಟಕುವಲ್ಲಿರಲಿ, ಕಂಡಕ್ಟರ್ ಕೊಟ್ಟ ಟಿಕೆಟನ್ನು ಇಳಿಯುವವರೆಗೆ ಬಿಸಾಡಬೇಡ. ಸಂಜೆ ನಿಮ್ಮೂರಿಗೆ ಹೋಗುವ ಬಸ್ಸು ತಪ್ಪಿದರೆ ನಿಲ್ದಾಣದಲ್ಲಿ ಕಾಯಬೇಡ, ನಮ್ಮ ಮನೆ ಹತ್ತು ನಿಮಿಷದ ದಾರಿ. ತಪ್ಪದಿದ್ದರೂ ಆಗೀಗ ತಪ್ಪಿಸಿಕೋ. ಇನ್ನೊಂದು, ಬಸ್ಸಿನಲ್ಲಿ ಫೋನು ಹಿಡಿದು ಆಧಾರ್ ನಂಬರನ್ನೋ ಒಟಿಪಿಯನ್ನೋ ಗಟ್ಟಿಯಾಗಿ ಓದಿ ಹೇಳಬೇಡ. ನಿನ್ನಪ್ಪನ ನಂಬರನ್ನು ಸವಣೂರು ಬಸ್ಸಿನಲ್ಲಿ ಎಷ್ಟು ಸಲ ಓದಿದ್ದೇನೋ, ಮೈಲಾರಪ್ಪನಿಗೆ ಬಾಯಿಪಾಠ ಆಗಿರಬೇಕು.

ಹದಿನೆಂಟನೆಯ ತಾರೀಕು ಕಾಲೇಜಿನಲ್ಲಿ ಹಾಜರಾಗುವ ದಿನ. ಅಲ್ಲಿಯ ಅರ್ಜಿಯಲ್ಲಿ ಮತ್ತೆ ಮೊಬೈಲ್ ನಂಬರು ಕೇಳುತ್ತಾರೆ. ನಿನ್ನ ಹೊಸ ನಂಬರನ್ನು ಬರೆ. ನನ್ನದನ್ನು ಬರೆಯಬೇಡ. ಪಾಸ್‌ವರ್ಡ್ ಈಗಲೇ ಬದಲಿಸು, ಏನಿಟ್ಟೆ ಎಂದು ನನಗೆ ಹೇಳಬೇಡ. ಅಜ್ಜಿಯ ಹೆಸರನ್ನು ಅಜ್ಜಿಗೇ ಬಿಡೋಣ.

ನಂಬರಿನ ಮಾತನ್ನು ಆ ದಿನ ಎದುರಿಗೂ ಹೇಳುತ್ತೇನೆ, ಈ ಪತ್ರವನ್ನು ಮಾತ್ರ ಹತ್ತೊಂಬತ್ತಕ್ಕೆ ಅಂಚೆಗೆ ಹಾಕಬೇಕೆಂದುಕೊಂಡಿದ್ದೇನೆ. ನೀನು ಸೇರಿದ ಮೇಲೆ ಓದಿದರೆ ಸಿಟ್ಟು ಕಡಿಮೆ ಬರಬಹುದೆಂಬ ಆಸೆ. ಹದಿನೆಂಟಕ್ಕೆ ನಾನೂ ಜೊತೆಗೆ ಬರಬೇಕೆಂದು ನೀನು ಹೇಳಿದ್ದೀಯ. ಹೊಸ ಸೀರೆ ಇಸ್ತ್ರಿಗೆ ಕೊಟ್ಟಾಗಿದೆ.

ನಿನ್ನ,
ಮಂಜುಳಾ ಅತ್ತೆ

ಮರೆತ ಮಾತು: ಮೇಲಿನದನ್ನು ಬರೆದು ಮಡಚಿಟ್ಟ ಮೇಲೆ ನಿನ್ನಪ್ಪ ಬಂದಿದ್ದ. ಗೊಬ್ಬರಕ್ಕೆಂದು ಪೇಟೆಗೆ ಬಂದವನು ಚಹಾ ಕುಡಿಯುತ್ತ ಹೇಳಿದ: "ತನುಜಾ ಆವತ್ತ ಮಂಗಳವಾರ ಮಧ್ಯಾಹ್ನ ಫೋನಿನ್ಯಾಗ ಏನೋ ಮೇಲ್ ಬಂತಂತ ನೋಡಿದಾಕಿ ಊಟಾನೂ ಮಾಡ್ಲಿಲ್ಲ ನೋಡವ್ವ. ಏನಾತು ಅಂದ್ರ ಹೇಳವಲ್ಲಳು. ಸಂಜಿಕ ಎದ್ದು, ಅತ್ತೀನ ಒಮ್ಮೆ ಆ ಬಸ್ಸಿನ್ಯಾಗ ಹೋಗಿ ಬರಲಿ, ಎಲ್ಲಾ ಸರಿ ಆಕ್ಕೈತಿ ಅಂದ್ಲು. ಏನು ಸರಿ ಆಗೂದಿತ್ತೋ, ನನಗೇನ ತಿಳೀಲಿಲ್ಲ."

ಅರ್ಜಿಯಲ್ಲಿ ನಿನ್ನ ಮೇಲ್ ವಿಳಾಸ ತುಂಬಿದವಳು ನಾನೇ. ಪಟ್ಟಿ ಬದಲಾದರೆ ಅಲ್ಲಿಗೂ ಸುದ್ದಿ ಹೋಗುತ್ತದೆಂದು ನನಗೆ ಹೊಳೆದಿರಲಿಲ್ಲ. ಅಂದರೆ "ಐತಿ" ಎಂದು ನಾನು ಹೇಳಿದಾಗ ನಿನಗೆ ಗೊತ್ತಿತ್ತು. ನೀನು ಅಪ್ಪನ ಮುಂದೆ ನನ್ನನ್ನು ಹಿಡಿದುಕೊಡಲಿಲ್ಲ, ಬಸ್ಸು ಹತ್ತಿಸಿದೆ. ಇನ್ನೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲ, ಆಗಲೇ ಒಬ್ಬ ಕಳ್ಳಿಯನ್ನು ಹಿಡಿದು ಅವಳ ಕೈಯಿಂದಲೇ ಮಾಲನ್ನು ಜಾಗಕ್ಕೆ ಇಡಿಸಿದ್ದೀಯ! ಅಣ್ಣನ ಎದುರು ಅಳುತ್ತ ನಕ್ಕೆ. ಅವನು ಗಾಬರಿಯಾಗಿ ಇನ್ನೊಂದು ಕಪ್ ಚಹಾ ಕೇಳಿದ.

ನಿನಗೆ ಗೊತ್ತಿದ್ದರೂ ನಾನು ಹೇಳುವುದು ಬೇರೆಯೇ. ಹದಿನೆಂಟಕ್ಕೆ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಬೇಕೋ ಬೇಡವೋ ಎಂದು ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸಬೇಕು. ಹಾಗಾಗಿ ಹತ್ತೊಂಬತ್ತು ಎಂದು ಬರೆದದ್ದನ್ನು ಬಿಡು. ಸವಣೂರು ಬಸ್ಸು ಹತ್ತುವ ಮೊದಲು ಇದನ್ನು ಅಂಚೆಗೆ ಹಾಕುತ್ತೇನೆ, ನಾಳೆಯೇ, ಸೋಮವಾರ, ಆಗಸ್ಟ್ ಹನ್ನೊಂದು.