ಹಳಬರ ದಿಬ್ಬದ ಎಂಟು ಗೂಟಗಳು

ರೋಚಾ, ಉರುಗ್ವೆ
ಮೇ 14

ಪ್ರೀತಿಯ ತಂಗಿ ಇಡಲೀನಾ,

ಆಸ್ಪತ್ರೆಯ ಹಾಸಿಗೆಯಿಂದ ನೀನು ಬರೆದ ಮೂರು ಪತ್ರಗಳೂ ಯೆರ್ಬಾ ಕಷಾಯ ಕುಡಿಯುವ ಸೋರೆ ಬುರುಡೆಯ ಕೆಳಗೆ ಹಾಗೇ ಇವೆ. ಉತ್ತರ ಬರೆಯದ್ದಕ್ಕೆ ಬೈಯಬೇಡ. ಕೆಮ್ಮು ಹೇಗಿದೆ? ನಮ್ಮ ಮಚ್ಚೆ ಹಸು ಕರು ಹಾಕಿತು. ನಿನ್ನ ಅತ್ತಿಗೆ ಬುತಿಯಾ ಹಣ್ಣಿನ ಮುರಬ್ಬ ಮಾಡಿ ಬಸ್ಸಿನವನ ಕೈಗೆ ಕೊಟ್ಟಿದ್ದಾಳೆ.

ಮೂರು ಪತ್ರದಲ್ಲೂ ನೀನು ಹಳಬರನ್ನು ಹೂತ ಆ ದಿಬ್ಬದ ಬಗ್ಗೆಯೇ ಕೇಳಿದ್ದೀಯ. ದಿಬ್ಬ ಈಗ ಇಲ್ಲ, ತಂಗಿ.

ಭತ್ತದ ಕಂಪನಿಯವರು ಬಯಲು ಮಟ್ಟ ಮಾಡಲು ಯಂತ್ರ ಕಳಿಸಿದರು. ಓಡಿಸುತ್ತಿದ್ದವನು ನಿನ್ನ ಹಳೆಯ ಶಿಷ್ಯ ವಿಲ್ಮಾರ್. ನಾನು ಕುದುರೆ ಹತ್ತಿ ಹೋಗುವಷ್ಟರಲ್ಲಿ ಅರ್ಧ ದಿಬ್ಬ ಹೋಗಿತ್ತು.

"ಲೋ, ನಿಲ್ಸೋ! ಒಳಗೆ ಜನ ಮಲಗವ್ರೆ!" ಎಂದು ಕೂಗಿದೆ.

"ಗೂಟ ಎಲ್ಲೈತೆ ಎಲಾದಿಯಣ್ಣ? ಬಿಳೀ ಗೂಟ ನೆಟ್ಟಿರೋ ಜಾಗ ಬಿಡು, ಮಿಕ್ಕಿದ್ದು ಸಮ ಮಾಡು ಅಂದವ್ರೆ."

"ಹುಟ್ಟಿದಾಗಿಂದ ನೋಡಿದೀಯಲ್ಲೋ, ಕಣ್ಣು ಕುರುಡಾ?"

"ಅವ್ರು ಸಂಬ್ಳ ಕೊಡೋದು ನನ್ನ ಕಣ್ಣಿಗಲ್ಲ ಕಣಣ್ಣ."

ಮಧ್ಯಾಹ್ನಕ್ಕೆ ಎಲ್ಲ ಮಟ್ಟವಾಯಿತು. ಕಪ್ಪು ಮಣ್ಣಿನಲ್ಲಿ ಒಂದು ದವಡೆ ಸಿಕ್ಕಿತು. ಹಲ್ಲುಗಳು ಮುದಿ ಕುರಿಯ ಹಲ್ಲಿನಂತೆ ಸವೆದಿದ್ದವು. ಸಿಕ್ಕಷ್ಟು ಮೂಳೆಗಳನ್ನು ಉಣ್ಣೆಯ ಚೀಲಕ್ಕೆ ತುಂಬಿದೆ. ರಾಜಧಾನಿಯಿಂದ ಬಂದ ಪುರಾತತ್ವ ಇಲಾಖೆಯ ಅಧಿಕಾರಿ, "ಮಣ್ಣೆಲ್ಲಾ ಕಲಸಿಹೋಗಿದೆ, ಇನ್ನು ಇದರಿಂದ ಏನೂ ತಿಳಿಯೋದಿಲ್ಲ" ಎಂದ. ಮೂರು ಸಾವಿರ ವರ್ಷ ಮಲಗಿದ್ದವರನ್ನು ಜೀಪಿನ ಹಿಂದೆ ಹಾಕಿಕೊಂಡು ಹೋದ. ಗೂಟ ಕಿತ್ತವರಾರು ಎಂದು ಕೇಳಿದಾಗ ಊರವರೆಲ್ಲ ಕಂಪನಿ ಎಂದರು. ನಾನೂ ತಲೆಯಾಡಿಸಿದೆ.

ಮದ್ದು ತಪ್ಪಿಸಬೇಡ. ಮಾತೆ ಮರಿಯಾ ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಎಲಾದಿಯೋ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಏಪ್ರಿಲ್‌ನಲ್ಲಿ ಜೌಗು ಉಕ್ಕಿ, ನಲವತ್ತೆರಡು ದನ ಹೊಟ್ಟೆಮಟ್ಟದ ನೀರಿನಲ್ಲಿ ನಿಂತಿದ್ದವು. ಅಪ್ಪನ ಕಾಲದಿಂದಲೂ ನೆರೆ ಬಂದರೆ ದನವನ್ನು ಆ ದಿಬ್ಬಕ್ಕೇ ಹತ್ತಿಸುವುದಲ್ಲವೆ? ನೀನೂ ಶಾಲೆಯ ಮಕ್ಕಳೂ ದಿಬ್ಬ ಕಾಯಲೆಂದು ಗೂಟ ನೆಟ್ಟು ಸುತ್ತ ಬಿಗಿದ ತಂತಿ ಅವನ್ನು ಹತ್ತಲು ಬಿಡಲಿಲ್ಲ. ನಾನೇ ಕತ್ತರಿಸಿದೆ. ಎಂಟು ಗೂಟವನ್ನೂ ಕಿತ್ತೆ. ದನ ಎಲ್ಲ ಉಳಿದವು. ಮುಂದಿನ ನೆರೆಗೆ ಅವು ಎಲ್ಲಿ ಹತ್ತಬೇಕೋ ಕಾಣೆ.

ಮಳೆ ಬಿಟ್ಟ ಮೇಲೆ ಬೇರೆ ಗೂಟ ಕೆತ್ತಿ ನೆಡೋಣ ಎಂದುಕೊಂಡಿದ್ದೆ. ಮೂರು ದಿನ ಒಣ ಸೌದೆ ಇರಲಿಲ್ಲ, ಕಿತ್ತ ಗೂಟಗಳನ್ನೇ ಒಂದೊಂದಾಗಿ ಉರಿಸಿದೆ. ಏಳರ ಮೇಲೆ ಮಕ್ಕಳ ಹೆಸರು. ಎಂಟನೆಯದರ ಮೇಲೆ ನಿನ್ನ ಕೈಬರಹ: "ಇವರೂ ನಮ್ಮವರೇ." ಓದಿದೆ, ಇಡಲೀನಾ. ಓದಿಯೇ ಒಲೆಗೆ ಹಾಕಿದೆ.